ಸ್ಟೋರ್‌ಕೀಪರ್ ಮಾವನ ಅಮೆರಿಕದ ಬಳಗ

ನಮ್ಮ ಮಾವನಿಗೆ ಅಮೆರಿಕದಲ್ಲಿ ಕಡಿಮೆಯೆಂದರೂ ಇನ್ನೂರು ಮಂದಿಯ ಪರಿಚಯವಿತ್ತು. ಒಬ್ಬೊಬ್ಬರ ಹೆಸರು, ವಯಸ್ಸು, ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು, ಯಾರಿಗೆ ಯಾವ ತಿಂಡಿ ಇಷ್ಟ, ಯಾರ ನಾಯಿಯ ಹೆಸರೇನು, ಎಲ್ಲವನ್ನೂ ಬಾಯಿಪಾಠ ಒಪ್ಪಿಸುತ್ತಿದ್ದರು. ಇದರಲ್ಲೇನು ವಿಶೇಷ, ಈ ಕಾಲದಲ್ಲಿ ಯಾರಿಗಿಲ್ಲ ಅಮೆರಿಕದ ಪರಿಚಯ ಎಂದು ನೀವು ಕೇಳಬಹುದು. ವಿಶೇಷ ಇಷ್ಟೇ: ಆ ಇನ್ನೂರು ಮಂದಿಯೂ ಸತ್ತವರು! ಒಬ್ಬರನ್ನು ಬಿಟ್ಟರೆ, ಮಾವನಿಗೆ ಮಿಕ್ಕವರ ಪರಿಚಯವಾದದ್ದೇ ಅವರು ಸತ್ತ ಮೇಲೆ.

ಮಾವ ಎಂದರೆ ನನ್ನ ಅಮ್ಮನ ತಮ್ಮ, ಉಡುಪಿಯ ಕಡೆಯವರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, ರಜೆ ಸಿಗಲಿಲ್ಲ ಎನ್ನುತ್ತಿದ್ದರು. ಅಬುಧಾಬಿ ಸೀಮೆಯ ಮರುಭೂಮಿಯಲ್ಲಿ, ಮದೀನತ್ ಜಾಯೆದ್ ಎಂಬ ಊರಿನ ಆಚೆ, ತೈಲ ಕೊರೆಯುವವರ ಕ್ಯಾಂಪೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಸ್ಟೋರ್‌ಕೀಪರ್ ಆಗಿದ್ದರು. ನಟ್ಟು, ಬೋಲ್ಟು, ವಾಲ್ವು, ಕೈಗವಸು, ಆ ಮರುಭೂಮಿಯಲ್ಲಿ ಯಾರಿಗೆ ಏನು ಬೇಕಾದರೂ ಮಾವನ ಕಿಟಕಿಯ ಮುಂದೆ ನಿಂತು ಸಹಿ ಹಾಕಬೇಕು. ಗುರುವಾರ ಸಂಜೆ ಬಸ್ಸು ಹತ್ತಿ ಅಬುಧಾಬಿ ನಗರಕ್ಕೆ ಬಂದು, ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಫ್ಲ್ಯಾಟಿನಲ್ಲಿದ್ದು ಶನಿವಾರ ಹಿಂದಿರುಗುವುದು ಅವರ ರೂಢಿ. ಊರಿನವರು "ದುಬೈಯವರು" ಎಂದು ಕರೆದರೆ ಮಾತ್ರ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ತಾನಿರುವುದು ಅಬುಧಾಬಿ, ದುಬೈ ಅಲ್ಲ ಎಂದು ಪ್ರತಿ ರಜೆಯಲ್ಲೂ ತಿದ್ದುತ್ತಿದ್ದರು. ಊರಿನವರು ಶ್ರದ್ಧೆಯಿಂದ ಕೇಳಿಸಿಕೊಂಡು, ದುಬೈಯಲ್ಲಿ ಸೆಕೆ ಹೇಗುಂಟು ಎಂದು ವಿಚಾರಿಸುತ್ತಿದ್ದರು.

ಈ ಅಮೆರಿಕದ ಹುಚ್ಚು ಹತ್ತಿದ್ದು ವರ್ನ್ ಸಾಹೇಬರಿಂದ. ಅವರು ಬಹಳ ಹಿಂದೆ ಕ್ಯಾಂಪಿನಲ್ಲಿ ಮಾವನ ಮೇಲಧಿಕಾರಿಯಾಗಿದ್ದವರು. ಅಯೋವಾ ಎಂಬ ರಾಜ್ಯದಲ್ಲಿ, ಮೆಕ್ಕೆಜೋಳದ ಹೊಲಗಳ ನಡುವಿನ ಒಂದು ಪುಟ್ಟ ಊರಿನ ಮನುಷ್ಯ. ನಿವೃತ್ತರಾಗಿ ಹೋದ ಮೇಲೆ ಸುದ್ದಿಯಿರಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಮಾವ ಚಹಾ ಸಾಸರಿಗೆ ಸುರಿದುಕೊಳ್ಳುತ್ತಾ, ನಿನ್ನ ಕಂಪ್ಯೂಟರಿನಲ್ಲಿ ವರ್ನ್ ಸಿಗುತ್ತಾರೋ ನೋಡು ಎಂದರು. ಹುಡುಕಿದೆ. ಸಿಕ್ಕರು. ಆ ಊರಿನ ಪುಟ್ಟ ಪತ್ರಿಕೆಯ ನಿಧನ ವಾರ್ತೆಯ ಪುಟದಲ್ಲಿ, ಟೋಪಿ ಹಾಕಿಕೊಂಡು ನಗುತ್ತಿದ್ದರು!

ಮಾವ ಸಾಸರನ್ನು ಕೆಳಗಿಟ್ಟರು. ನಾನು ಓದಿ ಹೇಳತೊಡಗಿದೆ. ನಮ್ಮ ಪತ್ರಿಕೆಗಳಲ್ಲಿ ಬರುವಂತೆ ದೈವಾಧೀನರಾದರು, ಸದ್ಗತಿ ಕೋರುವ ಕುಟುಂಬಸ್ಥರು ಎಂಬುದೇನೂ ಅಲ್ಲಿರಲಿಲ್ಲ. ವರ್ನ್ ಮೀನು ಹಿಡಿಯಲು ಹೋಗಿ ಬರಿಗೈಯಲ್ಲಿ ಬರುತ್ತಿದ್ದರು, ಹಾಲಿಲ್ಲದ ಕಾಫಿಯನ್ನು ದಿನಕ್ಕೆ ಒಂಬತ್ತು ಸಲ ಕುಡಿಯುತ್ತಿದ್ದರು, ಹೆಂಡತಿ ಸುಟ್ಟುಕೊಡುವ ಮೆಕ್ಕೆಜೋಳಕ್ಕಾಗಿ ಪ್ರಾಣ ಬಿಡುತ್ತಿದ್ದರು ಎಂದೆಲ್ಲ ಇತ್ತು. ನಡುವೆ ಒಂದು ಸಾಲು: "ಹನ್ನೊಂದು ವರ್ಷ ಅರಬರ ಮರುಭೂಮಿಯಲ್ಲಿ ದುಡಿದರು, ಅಲ್ಲಿ ಒಬ್ಬ ಸ್ಟೋರ್‌ಕೀಪರ್ ಗೆಳೆಯ ಅವರಿಗೆ ಕೈಯಲ್ಲಿ ಅನ್ನ ಉಣ್ಣುವುದನ್ನು ಕಲಿಸಿದ."

ಮಾವ ಆ ಸಾಲನ್ನು ಮೂರು ಸಲ ಓದಿಸಿದರು. ಆಮೇಲೆ ಕೇಳಿದರು, "ನಮ್ಮದು ಯಾವ ಊರಿನ ಪೇಪರಲ್ಲಿ ಬರ್ತದೆ ಮಗಳೇ? ಇಲ್ಲಿ ನಾವು ವೀಸಾದ ನಂಬರು. ಅಲ್ಲಿ ಊರಿನವರಿಗೆ ಗೊತ್ತಿರುವುದು ನಮ್ಮ ಸೂಟ್‌ಕೇಸ್ ಮಾತ್ರ."

ಮಾವ ಉತ್ತರಕ್ಕೆ ಕಾಯಲಿಲ್ಲ, ಏಕೆಂದರೆ ಅವರು ಆಗಲೇ ವರ್ನ್ ಸಾಹೇಬರ ಬೊಜ್ಜಕ್ಕೆ ದಿನ ಲೆಕ್ಕ ಹಾಕುತ್ತಿದ್ದರು. ಬೊಜ್ಜ ಎಂದರೆ ನಮ್ಮ ಕಡೆಯ ಹದಿಮೂರನೆಯ ದಿನದ ಊಟ. ಅಯೋವಾದವರು ಮಾಡಿರಲಿಕ್ಕಿಲ್ಲ, ನಾವಾದರೂ ಮಾಡಬೇಡವೇ ಎಂಬುದು ಮಾವನ ವಾದ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಿಂದ ಕಾಕನನ್ನು ಕರೆಸಿದರು. ಕಾಕ ನಮ್ಮ ಕರಾವಳಿಯ ಬ್ಯಾರಿ. ಹಿಂದೆ ಅದೇ ಕ್ಯಾಂಪಿನ ಅಡುಗೆಯವರಾಗಿದ್ದು, ಈಗ ಅಲ್ಲಿ ಗ್ರೋಸರಿ ಇಟ್ಟುಕೊಂಡಿದ್ದರು. ನಮ್ಮ ಕಟ್ಟಡದ ನಾಲ್ಕು ಮನೆಯವರಿಗೂ ಆಮಂತ್ರಣ ಹೋಯಿತು. ಬಂದವರೆಲ್ಲ ಯಾರೋ ಹತ್ತಿರದವರು ಹೋಗಿರಬೇಕೆಂದು ಮುಖ ಸಪ್ಪೆ ಮಾಡಿಕೊಂಡು ಬಂದು ನೋಡಿದರೆ, ಬಾಳೆಲೆಯ ಮುಂದೆ ಟೋಪಿ ಹಾಕಿದ ಬಿಳಿಯನ ಫೋಟೋ! ಎಡೆಯಲ್ಲಿ ಮೀನು ಸಾರು, ಸುಟ್ಟ ಮೆಕ್ಕೆಜೋಳ, ಲೋಟದಲ್ಲಿ ಹಾಲಿಲ್ಲದ ಕಾಫಿ.

ಕಾಕ ಮಾತ್ರ ಫೋಟೋದ ಮುಂದೆ ನಿಂತು ಕಣ್ಣೊರೆಸಿಕೊಂಡರು. ಪತ್ರಿಕೆಯ ಸಾಲನ್ನು ಓದಿ ಹೇಳಿದ ಮೇಲೆ ಅದೇ ಕಣ್ಣು ಕೆಂಪಾಯಿತು. "ಹನ್ನೊಂದು ವರ್ಷ ಮೀನು ಸಾರು ಮಾಡಿ ಹಾಕಿದವ ನಾನು. ಪೇಪರಲ್ಲಿ ಬಂದದ್ದು ಇವ," ಎಂದರು. ಆ ನೋವು ಅವರಿಗೆ ಬಹಳ ಕಾಲ ಹೋಗಲಿಲ್ಲ.

ಊಟ ಅರ್ಧವಾಗಿರುವಾಗ ನನ್ನ ಮಗಳು ಕಂಪ್ಯೂಟರಿನ ಮುಂದೆ ಕೂತು ಸಣ್ಣ ಅಕ್ಷರದ ತಾರೀಕು ಓದಿದಳು. ವರ್ನ್ ಸಾಹೇಬರು ಹೋಗಿ ಮೂರು ವರ್ಷವಾಗಿತ್ತು! ನಾನು ನೋಡಿದ್ದು ಹಳೆಯ ಪುಟ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮಾವ ಪಾಯಸ ಬಡಿಸುತ್ತಿದ್ದ ಸೌಟನ್ನು ಒಂದು ಕ್ಷಣ ನಿಲ್ಲಿಸಿದರು, ಅಷ್ಟೇ. ಹಾಗಾದರೆ ಇದು ವರ್ಷಾಂತಿಕ ಎಂದು ಇಟ್ಟುಕೊಳ್ಳಿ, ಪಾಯಸ ಅದೇ ಎಂದು ಹೇಳಿ ಮುಂದಿನ ಎಲೆಗೆ ಹೋದರು.

ಅಲ್ಲಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಅಯೋವಾದ ಪಾರಾಯಣ. ನನ್ನ ಮಗಳು ಹಲ್ಲುಜ್ಜುತ್ತಲೇ ಬಂದು, "ಅಜ್ಜಾ, ಹೂ ಈಸ್ ಡೆಡ್ ಟುಡೇ?" ಎಂದು ಕೇಳುವಳು. ಮಾವ ವರದಿ ಒಪ್ಪಿಸುವರು. ಹೆರಾಲ್ಡ್, ಎಂಬತ್ತೆಂಟು, ಹೆಂಡತಿಗಿಂತ ಟ್ರ್ಯಾಕ್ಟರನ್ನು ಜೋಪಾನವಾಗಿ ಇಟ್ಟುಕೊಂಡವ. ಡೊರೊಥಿ, ತೊಂಬತ್ತೊಂದು, ಊರಿನ ಪ್ರತಿ ಕೂಸಿಗೂ ಕೌದಿ ಹೊಲಿದವಳು, ಇಸ್ಪೀಟಿನಲ್ಲಿ ಮಾತ್ರ ಕಳ್ಳಿ. ನಮ್ಮವರು ಸತ್ತರೆ ಯಾವ ಮನೆತನ, ಯಾವ ಹುದ್ದೆ ಎಂದು ಬರೆಯುತ್ತಾರೆ, ಇವರು ನೋಡು, ಏನು ಅಡುಗೆ ಮಾಡುತ್ತಿದ್ದರು ಎಂದು ಬರೆಯುತ್ತಾರೆ ಎಂದು ಮಾವ ಮೆಚ್ಚಿಕೊಳ್ಳುತ್ತಿದ್ದರು.

ಆ ಪುಟದಲ್ಲಿ ಪ್ರತಿಯೊಬ್ಬರ ಕೆಳಗೂ ಓದುಗರು ನಾಲ್ಕು ಮಾತು ಬರೆಯಲು ಜಾಗವಿತ್ತು. ಮಾವ ಬಿಡುತ್ತಾರೆಯೇ? ಆದರೆ ಅವರಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಸ್ಟೋರಿನ ಇಂಗ್ಲಿಷು. ಕ್ಯಾಂಪಿನಲ್ಲಿ ಯಾವುದಾದರೂ ಹಳೆಯ ಯಂತ್ರದ ಭಾಗ ಮುಗಿದುಹೋಗಿ, ಅದರ ಜಾಗಕ್ಕೆ ಇನ್ನೊಂದು ಸಿಗದಿದ್ದರೆ ಚೀಟಿಯ ಮೇಲೆ ಏನು ಬರೆಯುತ್ತಿದ್ದರೋ ಅದನ್ನೇ ಅಲ್ಲಿಯೂ ಬರೆದರು: "ಡೊರೊಥಿ. ಬದಲಿ ಲಭ್ಯವಿಲ್ಲ. ಇಂತಿ, ಸ್ಟೋರ್‌ಕೀಪರ್, ಮದೀನತ್ ಜಾಯೆದ್, ಅಬುಧಾಬಿ." ಹೆರಾಲ್ಡನಿಗೂ ಅದೇ. ಆಮೇಲೆ ಸತ್ತವರಿಗೆಲ್ಲ ಅದೇ. ನಾನು ನಾಚಿಕೆಯಿಂದ ಕುಗ್ಗಿಹೋಗಿ, ಸತ್ತ ಮುದುಕಿಯನ್ನು ವಾಲ್ವಿನಂತೆ ಕಾಣಬೇಡಿ ಎಂದು ಗೋಗರೆದೆ. ಇದಕ್ಕಿಂತ ದೊಡ್ಡ ಮರ್ಯಾದೆ ಸ್ಟೋರಿನಲ್ಲಿ ಇಲ್ಲ ಎಂದರು.

ಎರಡು ವಾರದಲ್ಲಿ ಡೊರೊಥಿಯ ಮಗಳಿಂದ ಉತ್ತರ ಬಂತು. ಆಕೆಯೇ ಆ ಪತ್ರಿಕೆಯನ್ನು ನಡೆಸುವವಳಂತೆ. ಅಮ್ಮನ ಬಗ್ಗೆ ಬಂದ ಮಾತುಗಳಲ್ಲಿ ನಿಮ್ಮದೇ ಸರಿಯಾದದ್ದು, ಅಮ್ಮ ನಿಮಗೆ ಹೇಗೆ ಗೊತ್ತು ಎಂದು ಕೇಳಿದ್ದಳು. ಮಾವ ಪ್ರಾಮಾಣಿಕವಾಗಿ, "ನಿಮ್ಮ ಪೇಪರಿನಲ್ಲಿ ಪರಿಚಯ" ಎಂದು ಬರೆಸಿದರು. ಅಂದಿನಿಂದ ಅವರಿಬ್ಬರ ಪತ್ರವ್ಯವಹಾರ. ನಿಮ್ಮ ಊರು ಹೇಗಿದೆ ಎಂದು ಆಕೆ ಕೇಳಿದರೆ ಮಾವ ಸ್ಟಾಕಿನ ಪಟ್ಟಿಯನ್ನೇ ಕಳಿಸಿದರು. ಮಳೆ: ಇಲ್ಲ. ಹುಲ್ಲು: ಆರ್ಡರ್ ಮಾಡಿ ತರಿಸಬೇಕು. ಮರಳು: ಬೇಕಾದಷ್ಟು, ಸಹಿ ಅಗತ್ಯವಿಲ್ಲ!

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ದುಬೈಯಲ್ಲಿ ನಮ್ಮ ಕಡೆಯ ಹಿರಿಯ ಟೈಲರೊಬ್ಬರು ತೀರಿಕೊಂಡು, ಶುಕ್ರವಾರ ನಮ್ಮವರ ಸಂಘದಲ್ಲಿ ಸಂತಾಪ ಸಭೆ ನಡೆಯಿತು. ಎಲ್ಲರೂ ತುಂಬಲಾರದ ನಷ್ಟ ಎಂದು ಹೇಳಿ ಇಳಿದರು. ಯಾರೋ ಮಾವನನ್ನೂ ಎರಡು ಮಾತಿಗೆ ಕರೆದರು. ಮಾವ ಜೇಬಿನಿಂದ ಕಾಗದ ತೆಗೆದು, ಅಯೋವಾದ ಧಾಟಿಯಲ್ಲಿ ಶುರು ಮಾಡಿದರು: "ಇವರು ಮೂವತ್ತು ವರ್ಷ ಈ ಊರಿನ ಎಲ್ಲರ ಪ್ಯಾಂಟನ್ನೂ ಒಂದಿಂಚು ಗಿಡ್ಡ ಹೊಲಿದರು."

ಸಭೆ ಗರ ಬಡಿದಂತೆ ಕೂತಿತು. ಕಾರ್ಯದರ್ಶಿ ಮೈಕಿನ ತಂತಿ ಹುಡುಕತೊಡಗಿದರು. ಮಾವ ಓದುತ್ತಲೇ ಹೋದರು. ಹೊಸದಾಗಿ ಬಂದ ಹುಡುಗರಿಗೆ ಇಂಟರ್‌ವ್ಯೂಗೆ ಹೋಗಲು ತನ್ನ ಕೋಟನ್ನೇ ಕೊಡುತ್ತಿದ್ದದ್ದು, ಒಂದೇ ಕೋಟಿನಲ್ಲಿ ಇಪ್ಪತ್ತೇಳು ಮಂದಿಗೆ ಕೆಲಸ ಸಿಕ್ಕಿದ್ದು, ಕೇರಂನಲ್ಲಿ ಸೋತರೆ ಬೋರ್ಡೇ ಸೊಟ್ಟಗಿದೆ ಎನ್ನುತ್ತಿದ್ದದ್ದು. ಮುಂದಿನ ಸಾಲಿನಲ್ಲಿ ಟೈಲರ ಹೆಂಡತಿಯ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಪಕ್ಕದವರು ಕೈ ಹಿಡಿದರು. ನೋಡಿದರೆ ನಗುತ್ತಿದ್ದರು! ನಮ್ಮ ಮದುವೆಯ ದಿನದ ಪ್ಯಾಂಟೂ ಗಿಡ್ಡವೇ ಇತ್ತು ಎಂದು ಹೇಳಿ, ಆಮೇಲೆ ನಿಜವಾಗಿ ಅತ್ತರು. ಆ ಕೋಟು ತೊಟ್ಟವರು ಒಬ್ಬೊಬ್ಬರೇ ಎದ್ದು ನಿಂತರು. ಹನ್ನೊಂದು ಮಂದಿ ಅಲ್ಲೇ ಇದ್ದರು.

ಮಾವನಿಗೆ ಡಿಮ್ಯಾಂಡು ಬಂದದ್ದು ಹೀಗೆ. ತೊಂದರೆ ಏನೆಂದರೆ, ಮಾವ ಶಿಸ್ತಿನ ಮನುಷ್ಯ. ಸಾಮಾನು ಖಾಲಿಯಾಗುವ ಮೊದಲೇ ವಿವರ ಬರೆದಿಡಬೇಕೆನ್ನುವವರು. ಎಪ್ಪತ್ತು ದಾಟಿದವರ ಮನೆಗೆ ಹೋಗಿ, ನಿಮಗೆ ಏನು ತಿಂಡಿ ಇಷ್ಟ, ಯಾರ ಮೇಲೆ ಸಿಟ್ಟು ಎಂದು ಕೇಳಿ ಬರೆದುಕೊಳ್ಳತೊಡಗಿದರು. ಮಾವ ಫೋನು ಮಾಡಿದರೆ ಸಾಕು, ಹಿರಿಯರು ಬಿ.ಪಿ. ನೋಡಿಸಿಕೊಂಡು ಬರುತ್ತಿದ್ದರು. ಕಾಕನ ಅಂಗಡಿಗೂ ಪುಸ್ತಕ ಹಿಡಿದು ಹೋದಾಗ ಕಾಕ ಪ್ರಾಣ ಒಯ್ಯುವ ದೇವದೂತನ ಹೆಸರೆತ್ತಿ, "ನೀನು ಅಜ್ರಾಯೀಲನ ಸ್ಟೋರ್‌ಕೀಪರ್ ಮಾರಾಯ. ಖಲಾಸ್, ನಾನು ಸದ್ಯಕ್ಕೆ ಸಾಯುವುದಿಲ್ಲ, ಚಾ ಕುಡಿದು ಹೋಗು," ಎಂದರು. ಆದರೂ ಮಾವ ಹೊರಟಾಗ ಬಾಗಿಲವರೆಗೆ ಬಂದು, ಮೀನು ಸಾರಿನ ವಿಷಯ ಮಾತ್ರ ಬರೆದುಕೋ ಎಂದರಂತೆ.

ಅರವತ್ತೈದು ತುಂಬಿದ ಮೇಲೆ ಕಂಪೆನಿ ಕೈಮುಗಿಯಿತು. ಕೆಲಸ ಮುಗಿದರೆ ವೀಸಾ ಕ್ಯಾನ್ಸಲ್. ಮೂವತ್ತು ವರ್ಷ ಇದ್ದವನಿಗೂ ಮೂವತ್ತು ದಿನ. ವಿಮಾನ ನಿಲ್ದಾಣದಲ್ಲಿ ಮಾವ ಚಿಂತೆಯಲ್ಲಿ ಕಂಡರು. ಅಬುಧಾಬಿ ಬಿಟ್ಟು ಹೋಗುವ ಬೇಸರವೇ ಎಂದು ಕೇಳಿದೆ. "ಬೇಸರ ಎಂತದ್ದು. ಬರೆಯಬೇಕಾದವರೆಲ್ಲ ಇಲ್ಲಿ ಉಳಿದ್ರು, ಅಷ್ಟೇ," ಎಂದರು. ಸ್ವಲ್ಪ ಹೊತ್ತು ಬಿಟ್ಟು ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು: "ನಮ್ಮದು ಯಾವ ಪೇಪರಲ್ಲಿ ಬರ್ತದೆ ಮಾರಾಯ್ತಿ?" ನಾನು ಆ ಮಾತು ಬೇಡ ಎಂದು ಗದರಿಸಿ ಒಳಗೆ ಕಳಿಸಿದೆ. ಹಾಗೆ ಗದರಿಸಬಾರದಿತ್ತು.

ಊರಿನಲ್ಲಿ ಅಮ್ಮನ ಜೊತೆಗಿದ್ದರು. ಅಮ್ಮನಿಗೂ ಶುಕ್ರವಾರ ಅಯೋವಾ ಓದಿ ಹೇಳುತ್ತಿದ್ದರಂತೆ. ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಸಾಸರಿಗೆ ಸುರಿದ ಚಹಾ ತಣಿಯುವ ಮೊದಲೇ ಹೋಗಿಬಿಟ್ಟರು. ನನ್ನ ಅಣ್ಣ ಊರಿನ ಪತ್ರಿಕೆಯಲ್ಲಿ ಸುದ್ದಿ ಹಾಕಿಸಿದ. ಪಾಸ್‌ಪೋರ್ಟಿನ ಫೋಟೋ, ಮೂರು ಸಾಲು. ಮೊದಲ ಸಾಲೇ ಹೀಗಿತ್ತು: "ದುಬೈಯಲ್ಲಿ ಉದ್ಯೋಗಿಯಾಗಿದ್ದ..."

ಇನ್ನೂರು ಮಂದಿಯ ನಾಯಿಗಳ ಹೆಸರು ನೆನಪಿಟ್ಟವರ ಬಗ್ಗೆ ಮೂರು ಸಾಲು, ಅದರಲ್ಲೂ ಊರೇ ತಪ್ಪು. ಏನು ಮಾಡಬೇಕೆಂದು ತೋಚದೆ ಡೊರೊಥಿಯ ಮಗಳಿಗೆ ಒಂದು ಸಾಲು ಬರೆದೆ. ಸ್ಟೋರ್‌ಕೀಪರ್ ಇನ್ನು ಬರೆಯುವುದಿಲ್ಲ, ಅವರು ತೀರಿಕೊಂಡರು ಎಂದೆ. ಉತ್ತರ ಬರಲಿಲ್ಲ. ಮುಂದಿನ ಶುಕ್ರವಾರ ಬೆಳಿಗ್ಗೆ ಚಹಾ ಮಾಡಿಕೊಂಡು, ಕೈ ತಡೆಯದೆ ಆ ಪುಟ ತೆರೆದೆ. ಎಲ್ಲರಿಗಿಂತ ಮೇಲೆ, ನಾವು ಹಿಂದೊಮ್ಮೆ ಕಳಿಸಿದ್ದ ಫೋಟೋ. ಕೈಯಲ್ಲಿ ಸಾಸರು ಹಿಡಿದು ಮಾವ ನಗುತ್ತಿದ್ದರು.

"ಇವರು ನಮ್ಮ ಊರಿಗೆ ಒಮ್ಮೆಯೂ ಬಂದವರಲ್ಲ. ಆದರೆ ನಮ್ಮ ಹಿರಿಯರು ತೀರಿಕೊಂಡಾಗಲೆಲ್ಲ ಮೊದಲು ಬಂದು ನಿಂತವರು ಇವರೇ. ಅಬುಧಾಬಿಯ ಮದೀನತ್ ಜಾಯೆದಿನಲ್ಲಿ (ದುಬೈಯಲ್ಲಿ ಅಲ್ಲ) ಸ್ಟೋರ್‌ಕೀಪರ್ ಆಗಿದ್ದರು. ಚಹಾವನ್ನು ಸಾಸರಿಗೆ ಸುರಿದು ಕುಡಿಯುತ್ತಿದ್ದರು. ನಮ್ಮ ವರ್ನ್‌ಗೆ ಕೈಯಲ್ಲಿ ಉಣ್ಣಲು ಕಲಿಸಿದವರು ಇವರು. ಮೀನು ಸಾರು ಮಾಡಿದವರು ಇವರ ಗೆಳೆಯ, ಅದನ್ನು ಸರಿಯಾಗಿ ದಾಖಲಿಸಬೇಕೆಂದು ಇವರೇ ಎರಡು ಸಲ ಪತ್ರ ಬರೆದಿದ್ದರು. ಅಕ್ಕನನ್ನು, ಅಕ್ಕನ ಮಕ್ಕಳನ್ನು, ಇವತ್ತು ಯಾರು ಸತ್ತರು ಎಂದು ಕೇಳುತ್ತಿದ್ದ ಮೊಮ್ಮಗಳನ್ನು, ಮತ್ತು ನಮ್ಮ ಈ ಊರನ್ನು ಅಗಲಿದ್ದಾರೆ. ಬದಲಿ ಲಭ್ಯವಿಲ್ಲ."

ದುಬೈಯಲ್ಲಿ ಅಲ್ಲ ಎಂಬಲ್ಲಿ ಜೋರಾಗಿ ನಕ್ಕೆ. ಆಮೇಲೆ ಅಳು ಬಂತು, ನಿಲ್ಲಲೇ ಇಲ್ಲ. ಕಾಕನಿಗೆ ಫೋನು ಮಾಡಿ ಪೂರ್ತಿ ಓದಿ ಹೇಳಿದೆ. ಮೀನು ಸಾರಿನ ಸಾಲು ಬಂದಾಗ ಕಾಕ ನನ್ನನ್ನು ತಡೆದರು. ಇನ್ನೊಮ್ಮೆ ಓದು ಮಗಳೇ ಎಂದರು. ಇನ್ನೊಮ್ಮೆ ಓದಿದೆ.

ಫೋನಿಟ್ಟ ಮೇಲೆ ಚಹಾವನ್ನು ಸಾಸರಿಗೆ ಸುರಿದು, ಕಂಪ್ಯೂಟರಿನ ಪಕ್ಕದಲ್ಲಿ ಮಾವ ಕೂರುತ್ತಿದ್ದ ಕುರ್ಚಿಯ ಮುಂದೆ ಇಟ್ಟೆ. ಬಂತು ನೋಡಿ ಮಾವ. ನಿಮ್ಮ ಊರಿನ ಪೇಪರಿನಲ್ಲೇ ಬಂತು.