ಮುಕ್ಕಾಲು ಟ್ಯಾಂಕಿನ ಭಾವ

ತೊಂಬತ್ತರ ದಶಕದ ಸಿಂಗಾಪುರದಲ್ಲಿ ಒಂದು ತಪ್ಪೂ ಇಲ್ಲದೆ ಕಾರು ಓಡಿಸುತ್ತಿದ್ದವರು ಒಬ್ಬರೇ, ನಮ್ಮ ಅಕ್ಕನ ಗಂಡ. ಹಾಗಾಗಿ ಆ ಕಾರಿನಲ್ಲಿ ಕೂತವರು ಎಲ್ಲಿಗೂ ಹೊತ್ತಿಗೆ ಸರಿಯಾಗಿ ತಲುಪಿದ್ದಿಲ್ಲ! ನಾನು ಅದರಲ್ಲಿ ಕೂತು ನಡುಗಿದವನು, ಕಂಡಷ್ಟನ್ನೇ ಹೇಳುತ್ತೇನೆ. ನಡುಗಿದ್ದು ವೇಗಕ್ಕಲ್ಲ, ಹಿಂದಿನ ಲಾರಿಯ ಹಾರನ್ನಿಗೆ.

ಅಪಾಯವಿಲ್ಲದೆ ಹಾರನ್ ಒತ್ತುವುದು ತಪ್ಪೆಂದು ಯಾರಿಗೆ ನೆನಪಿರುತ್ತದೆ? ಭಾವನಿಗೆ. ಒಮ್ಮೆ ಹಸಿರು ದೀಪ ಬಂದರೂ ಮುಂದಿನ ಕಾರು ಕದಲಲಿಲ್ಲ. ಭಾವ ಗಾಜಿಳಿಸಿ, ಮದುವೆಮನೆಯಲ್ಲಿ ಊಟಕ್ಕೆ ಎಬ್ಬಿಸುವ ದನಿಯಲ್ಲಿ, "ಸಾರ್, ಗ್ರೀನ್ ಬಂದಿದೆ, ಹೊರಡಿ!" ಎಂದರು. ಕನ್ನಡದಲ್ಲಿ! ಆತ ತಿರುಗಿ ನೋಡುವಷ್ಟರಲ್ಲಿ ಕೆಂಪು ಬಂತು.

ನಡೆಯುವಾಗಲೂ ಅಷ್ಟೇ. ಟೋವಾ ಪಾಯೋದ ಅವರ ಬ್ಲಾಕಿನ ಎದುರೇ ತಿಂಡಿ ಅಂಗಡಿಗಳ ಹಾಕರ್ ಸೆಂಟರ್. ಆದರೆ ದಾಟುಪಟ್ಟೆ ಹತ್ತಿರವಿದ್ದಾಗ ಬೇರೆ ಕಡೆ ರಸ್ತೆ ದಾಟಬಾರದಲ್ಲ! ಭಾವ ಕಾಫಿ ತರಲು ಸುತ್ತಿ ಹೋಗಿ ಸುತ್ತಿ ಬರುತ್ತಿದ್ದರು. ಪಕ್ಕದ ಮನೆಯ ಚೀನೀ ಅಂಕಲ್ ನನ್ನ ಕೈಯ ಲೋಟ ಮುಟ್ಟಿ ನೋಡಿ, "ಯುವರ್ ಬ್ರದರ್-ಇನ್-ಲಾ ವೆರಿ ಗುಡ್ ಮ್ಯಾನ್ ಲಾ. ಕಾಫಿ ಆಲ್ವೇಸ್ ಕೋಲ್ಡ್!" ಎಂದು ಮರುಗಿದರು.

ಇನ್ನು ಆ ಭಾನುವಾರದ ಮಾತು. ಗಡಿಯಾಚೆ, ಮಲೇಷಿಯಾದ ಜೋಹೋರಿನಲ್ಲಿ ಕೆಲಸಕ್ಕಿದ್ದ ನಮ್ಮ ತಮ್ಮನ ಮಗುವಿಗೆ ಅಂದು ನಾಮಕರಣ. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಮ್ಮ ಅಕ್ಕ. ತಮಗೊಂದು ಮಗುವಾದರೆ ಇಡಬೇಕೆಂದು ಅಕ್ಕ, ಭಾವ ಸೇರಿ ಎಂದೋ ಆರಿಸಿಟ್ಟಿದ್ದ ಹೆಸರು ಅದು. ಆಗಲಿಲ್ಲ. ತಮ್ಮ ಅದನ್ನು ಕೇಳಿ ಪಡೆದಿದ್ದ.

ಸಿಂಗಾಪುರದ ಕಾರು ಗಡಿ ದಾಟಬೇಕಾದರೆ ಟ್ಯಾಂಕು ಮುಕ್ಕಾಲು ತುಂಬಿರಬೇಕು. ಆಚೆ ಪೆಟ್ರೋಲ್ ಅಗ್ಗ ನೋಡಿ, ಖಾಲಿ ಹೋಗಿ ತುಂಬಿಸಿಕೊಂಡು ಬರಬಾರದೆಂದು ಈ ಕಾನೂನು. ಜನ ಪೆಟ್ರೋಲ್ ತೋರಿಸುವ ಮುಳ್ಳನ್ನೇ ತಿರುಚಿಸಿಕೊಂಡು ಹೋಗುತ್ತಿದ್ದರು. ನಮ್ಮ ಕಾರು ವುಡ್‌ಲ್ಯಾಂಡ್ಸ್‌ನ ಗಡಿಠಾಣೆಯ ಸಾಲಿನಲ್ಲಿ ತೆವಳುತ್ತ ತೆವಳುತ್ತ, ಮುಳ್ಳು ಮುಕ್ಕಾಲಿನಿಂದ ಕೂದಲೆಳೆಯಷ್ಟು ಕೆಳಗಿಳಿಯಿತು. ನಾನು ಹಿಂದಿನ ಸೀಟಿನಲ್ಲಿ ಆಚೆಗೆ ಜರುಗಿದೆ. ಮುಳ್ಳು ಮೇಲೇರಿತು!

"ಭಾವ, ಈಗ ಸರಿಹೋಯ್ತು!"

"ಅದು ನಿನ್ನ ತೂಕ ಕಣಯ್ಯ, ಪೆಟ್ರೋಲಲ್ಲ," ಎಂದು ಭಾವ ಕಾರು ತಿರುಗಿಸಿಯೇ ಬಿಟ್ಟರು.

"ರೀ, ಮುಹೂರ್ತ ಮೀರುತ್ತೆ ರೀ!" ಅಕ್ಕನ ದನಿ ಒಡೆಯಿತು.

ಭಾವ ಗಡಿಯಾರ ನೋಡಿಕೊಂಡರು. "ನೀವಿಬ್ರೂ ಬಸ್ಸಲ್ಲಿ ಹೋಗ್ಬಿಡಿ. ಬಸ್ಸು ಬೇಗ ದಾಟುತ್ತೆ. ಡಿಕ್ಕಿ ತುಂಬ ಹೋಳಿಗೆ ಇದೆ, ಹೊತ್ಕೊಂಡು ಹೋಗೋಕಾಗಲ್ಲ. ಪೆಟ್ರೋಲ್ ಹಾಕಿಸ್ಕೊಂಡು ನಾನು ಬರ್ತೀನಿ."

"ನೀವಿಲ್ದೇನಾ?"

"ಹೆಸರು ಹೇಳೋದು ನೀನು ತಾನೆ?"

ಬಸ್ ಸ್ಟಾಪ್ ಬಂತು. ಹಿಂದೆ ಸರಿಯಿತು! ಅಲ್ಲಿ ಕಾರು ನಿಲ್ಲಿಸುವಂತಿಲ್ಲವಂತೆ. ಮುಂದಿನ ಕಾರ್ ಪಾರ್ಕಿನಲ್ಲಿ ಇಳಿಸಿದರು. ರೇಷ್ಮೆ ಸೀರೆಯ ಅಕ್ಕ ನೆರಿಗೆ ಎತ್ತಿಕೊಂಡು ಹಿಂದಕ್ಕೆ ಓಡಿದಳು.

ಮುಹೂರ್ತ ಸಿಕ್ಕಿತು. ಭಾವ ಬಂದಾಗ ಜನ ಹೋಳಿಗೆಗಾಗಿ ಎಲೆಯ ಮುಂದೆ ಕಾಯುತ್ತಿದ್ದರು. ಕಿಟಕಿಯಿಂದ ನೋಡಿದೆ, ಕಾರಿನ ಗಾಜಿನ ಹಿಂದೆ ಸಿಂಗಾಪುರದ ಪಾರ್ಕಿಂಗ್ ಕೂಪನ್ನನ್ನು, ಬಂದ ಹೊತ್ತಿನ ಗುರುತು ಹರಿದು, ಇಟ್ಟಿದ್ದಾರೆ!

"ಭಾವ, ಇಲ್ಲಿ ಅದು ನಡೆಯಲ್ಲ."

"ಇರಲಿ ಬಿಡೋ, ಮರ್ಯಾದೆಗೆ."

ಹೋಳಿಗೆಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು ಅಕ್ಕನನ್ನು ಮೆಲ್ಲಗೆ ಕೇಳಿದರು: "ಹೇಳಿದ್ಯಾ?"

ಅಕ್ಕ ಹತ್ತಿರ ಹೋಗಿ, ಮಗುವಿಗೆ ಹೇಳಿದ ಹಾಗೆಯೇ, ಅವರ ಕಿವಿಯಲ್ಲಿ ಆ ಹೆಸರನ್ನು ಮೂರು ಸಲ ಹೇಳಿದಳು.

ನಿಲ್ಲಬಾರದ ಕಡೆ ಎಂದೂ ನಿಲ್ಲದ ಭಾವ, ಅಂದು ಬಡಿಸುವವರ ದಾರಿಗೆ ಅಡ್ಡವಾಗಿ ಬಹಳ ಹೊತ್ತು ನಿಂತೇ ಇದ್ದರು. ಯಾರೂ ಹಾರನ್ ಮಾಡಲಿಲ್ಲ.