ಗಗನಾಳ ಬೋಳು ಲೋಟ

ವೀರೇಶನ ಗ್ರಹಚಾರ ಕೆಟ್ಟಿದ್ದು ಒಂದು ಪ್ಲಾಸ್ಟಿಕ್ ಲೋಟದಿಂದ.

ಗೋವಿಂದರಾಜನಗರದ ಆ ಪುಟ್ಟ ಸ್ಕೂಲಲ್ಲಿ ಅವನು ಮೂರನೇ ಕ್ಲಾಸಿನ ಮೇಷ್ಟ್ರು, ಅದೂ ಟೆಂಪರರಿ. ಬಾಗಲಕೋಟೆ ಕಡೆಯಿಂದ ಬಂದು ಎರಡು ವರ್ಷ ಆಗಿತ್ತು. ಈ ಸಲದ ಚಟುವಟಿಕೆ ವಾರ ಚೆನ್ನಾಗಿ ನಡೆಸಿದ್ರೆ ಪರ್ಮನೆಂಟು, ಇಲ್ಲಾಂದ್ರೆ ಜೂನಿಂದ ಬೇರೆ ಕಡೆ ನೋಡ್ಕೊಳ್ಳಿ ಅಂತ ಹೆಡ್ ಮಿಸ್ ಅಲಮೇಲು ನಗ್‌ನಗ್ತಾನೇ ಹೇಳಿದ್ರು. ಅವರು ನಗ್ತಾ ಹೇಳಿದ ಮಾತು ಇವತ್ತಿನವರೆಗೂ ಸುಳ್ಳಾಗಿರಲಿಲ್ಲ.

ಸೋಮವಾರ ಮೂವತ್ತೆರಡು ಮಕ್ಕಳಿಗೂ ಒಂದೊಂದು ಲೋಟ, ಒಳಗೆ ಹತ್ತಿ, ಹತ್ತಿ ಮೇಲೆ ಹೆಸರುಕಾಳು. ನೀರು ಹಾಕೋ ಟೈಮಲ್ಲೇ ಯಾರೋ ಬಕೆಟ್ ಬೀಳಿಸಿ ಕ್ಲಾಸೆಲ್ಲ ಕೆರೆ ಆಯ್ತು. ಆ ಗಲಾಟೆಲಿ ಯಾವ ಮಗುವಿಗೆ ಏನು ಹೇಳಿದೆ ಅಂತ ವೀರೇಶನಿಗೇ ನೆನಪಿಲ್ಲ. ಮಂಗಳವಾರ ಬೆಂಕಿಕಡ್ಡಿ ಇಟ್ಕೊಂಡು ಕೂಡೋದು ಕಳೆಯೋದು. ಬುಧವಾರ ಪೋಸ್ಟ್‌ಮ್ಯಾನ್ ಆಟ. ಗುರುವಾರ ಕ್ಲಾಸೊಳಗೇ ಸಂತೆ. ಶುಕ್ರವಾರ ಜೇಡಿಮಣ್ಣು, ಅದು ಸೀಲಿಂಗ್ ಫ್ಯಾನಿಗೂ ಹತ್ತಿತ್ತು. ಇಷ್ಟರ ಮಧ್ಯೆ ದಿನಾ ಬೆಳಗ್ಗೆ ಪ್ರತಿ ಮಗೂ ತನ್ನ ಲೋಟದ ಮೊಳಕೆ ಮೂರು ಸಲ ಎಣಿಸಿ, ಗೋಡೆ ಮೇಲಿನ ಚಾರ್ಟಲ್ಲಿ ತಾನೇ ಬರೀಬೇಕು. ಶನಿವಾರ ಹತ್ತು ಗಂಟೆಗೆ ಅಪ್ಪ-ಅಮ್ಮಂದಿರ ಜೊತೆ ಸ್ಕೂಲ್ ಕಮಿಟಿ ಪ್ರೆಸಿಡೆಂಟ್ ಪುರುಷೋತ್ತಮ ಅವರೇ ಬಂದು ನೋಡ್ತಾರೆ.

ಶನಿವಾರ ಏಳೂವರೆಗೇ ವೀರೇಶ ಸ್ಕೂಲಿಗೆ ಬಂದ. ಮೂವತ್ತೊಂದು ಲೋಟದಲ್ಲಿ ಚೋಟುದ್ದ ಗಿಡಗಳು ಹಸಿರಾಗಿ ನಿಂತಿದ್ವು. ಮೂವತ್ತೆರಡನೇದರ ಮೇಲೆ ಒಂದು ಹೂವಿನ ಕರ್ಚೀಫ್ ಮುಚ್ಚಿತ್ತು. ಎತ್ತಿ ನೋಡಿದ. ಒಂದೇ ಒಂದು ಮೊಳಕೆ ಇಲ್ಲ. ಹತ್ತಿ ಒಣಗಿ ಹಪ್ಪಳ ಆಗಿತ್ತು. ಲೋಟದ ಮೇಲಿನ ಹೆಸರು ನೋಡಿದ. ಗಗನಾ. ಪ್ರೆಸಿಡೆಂಟ್ ಮೊಮ್ಮಗಳು.

ಚಾರ್ಟ್ ನೋಡಿದ. ಅವಳ ಸಾಲಲ್ಲಿ ನಾಲ್ಕು ದಿನಕ್ಕೂ ಸೊನ್ನೆ. ಒಂದೊಂದು ಸೊನ್ನೆ ಸುತ್ತಲೂ ದಳ ಬರೆದು ಹೂವು ಮಾಡಿದ್ಲು. ಪಾಪ, ಎಷ್ಟು ಬೇಜಾರಾಗಿರಬೇಕು, ಅವಮಾನಕ್ಕೇ ಲೋಟಕ್ಕೆ ಮುಸುಕು ಹಾಕಿದಾಳೆ ಅಂದ್ಕೊಂಡ.

ಎರಡನೇ ಕ್ಲಾಸಿನ ಭುವನೇಶ್ವರಿ ಮಿಸ್‌ಗೆ ಬೇರೆಯವರ ಕ್ಲಾಸಿನ ಬಾಗಿಲು ಕಂಡ್ರೆ ಬಗ್ಗಿ ನೋಡದೆ ಇರೋಕಾಗಲ್ಲ. ಇವತ್ತೂ ಬಗ್ಗಿದ್ರು.

"ಏನ್ ವೀರೇಶ್, ಊರ ಮಕ್ಕಳ ಲೋಟದಲ್ಲೆಲ್ಲ ತೋಟ, ಪ್ರೆಸಿಡೆಂಟ್ ಮೊಮ್ಮಗಳದ್ದು ಮಾತ್ರ ಈಗಷ್ಟೇ ತಿರುಪತಿಯಿಂದ ಬಂದಂಗಿದೆ. ಬಾಗಲಕೋಟೆ ಬಸ್ಸಿಗೆ ಸೀಟ್ ಹೇಳ್ಬಿಡಿ."

"ಈಗೇನ್ ಮಾಡ್ಲಿರೀ ಮಿಸ್ಸ?" ಟೆನ್ಶನ್ ಆದ್ರೆ ಅವನ ಬಾಯಲ್ಲಿ ಊರ ಮಾತು ಬರ್ತಿತ್ತು.

"ಒಂದೊಂದು ಲೋಟದಿಂದ ಒಂದೊಂದು ಗಿಡ ಕಿತ್ತು ಇದಕ್ಕೆ ನೆಡಿ. ಅಷ್ಟು ಗಿಡದಲ್ಲಿ ಒಂದು ಹೋದ್ರೆ ಯಾರಿಗ್ ಗೊತ್ತಾಗತ್ತೆ?"

ವೀರೇಶ ವಿಜಯನಗರ ಬಸ್‌ಸ್ಟಾಂಡಿನ ಜೇಬುಗಳ್ಳನ ಥರ ಅತ್ತಿತ್ತ ನೋಡ್ತಾ, ಬೆರಳ ತುದಿಲಿ ಗಿಡ ಎಗರಿಸ್ತಾ ಹೋದ. ಮೂವತ್ತೊಂದು ಲೋಟ, ಮೂವತ್ತೊಂದು ಗಿಡ. ಬಾಡದೇ ಇರಲಿ ಅಂತ ಅರ್ಧ ಲೋಟ ನೀರು ಸುರಿದು, ಮೊದಲಿನ ಥರಾನೇ ಕರ್ಚೀಫ್ ಮುಚ್ಚಿದ. ಪ್ರೆಸಿಡೆಂಟ್ ಬಂದ ತಕ್ಷಣ ಮಿಸ್ಡ್ ಕಾಲ್ ಕೊಡ್ತೀನಿ ಅಂತ ಭುವನೇಶ್ವರಿ ಮಿಸ್ ಗೇಟಿನ ಹತ್ರ ಹೋದ್ರು.

ಒಂಬತ್ತಕ್ಕೆ ಮಕ್ಕಳು ಬಂದ್ವು. ಐದು ನಿಮಿಷ ಆಗಿಲ್ಲ, ಸುಘೋಷ್ ಅನ್ನೋ ಹುಡುಗ ಎದ್ದು ನಿಂತ.

"ಸಾರ್, ನಂದು ನಿನ್ನೆ ಒಂಬತ್ತಿತ್ತು. ಇವತ್ತು ಎಂಟೇ ಇದೆ."

"ಸರಿಯಾಗಿ ಎಣಿಸಪ್ಪ."

"ಮೂರು ಸಲ ಎಣಿಸ್ದೆ ಸಾರ್. ನೀವೇ ಹೇಳಿದ್ರಲ್ಲ."

ಆಮೇಲೆ ಹಿಂದಿನ ಬೆಂಚು, ಪಕ್ಕದ ಬೆಂಚು, ಕಿಟಕಿ ಬೆಂಚು. ಎಲ್ಲರದ್ದೂ ಒಂದು ಕಮ್ಮಿ. ವಾರವಿಡೀ ಕಳೆಯೋ ಲೆಕ್ಕ ಮಕ್ಕಳ ತಲೆಗೆ ಹೋಗಲಿಲ್ಲ ಅಂತ ಒದ್ದಾಡಿದ್ದ ವೀರೇಶನಿಗೆ ಈಗ ಯಾಕಾದ್ರೂ ಹೋಯ್ತೋ ಅನಿಸ್ತು. ಗಗನಾ ಒಬ್ಬಳೇ ಕೈಕಟ್ಟಿ ಆರಾಮಾಗಿ ಕೂತಿದ್ಲು. ಬೇಜಾರಾಗಿದೆಯಾ ಪುಟ್ಟಿ ಅಂತ ಮೆತ್ತಗೆ ಕೇಳಿದ. ಯಾಕೆ ಸಾರ್, ನಾನು ತಾತ ಬಂದ ಮೇಲೇ ಕರ್ಚೀಫ್ ತೆಗೆಯೋದು ಅಂದ್ಲು.

ಗಲಾಟೆ ಜೋರಾಯ್ತು. ಅಳಿಲು ಬಂದು ತಿಂದಿರಬೇಕು ಅಂದ್ಬಿಟ್ಟ ವೀರೇಶ. ಹೊರಗೆ ನೆಲ ಒರೆಸ್ತಿದ್ದ ಆಯಾ ಗಂಗಲಕ್ಷ್ಮಮ್ಮನ ಕಿವಿಗೆ ಅದು ಬಿತ್ತು. ಕಿಟಕಿ ಎಲ್ಲ ತಾನೇ ಹಾಕಿ ಹೋಗಿರೋದು, ಇದು ತನ್ನ ಮರ್ಯಾದೆ ಪ್ರಶ್ನೆ ಅಂತ ಆಕೆ ಪೊರಕೆ ಹಿಡ್ಕೊಂಡು ಒಳಗೆ ನುಗ್ಗಿದ್ರು. ಬೆಂಚಿನ ಕೆಳಗೆಲ್ಲ ಗುಡಿಸಿದ್ರು. ಎರಡು ಪೆನ್ಸಿಲ್ಲು, ಅರ್ಧ ಬನ್ನು, ಒಂಟಿ ಸಾಕ್ಸು ಸಿಕ್ತು. ಅಳಿಲು ಸಿಗಲಿಲ್ಲ.

"ಸಾರ್," ಅಂದ ಸುಘೋಷ್, "ಅಳಿಲು ಎಲ್ಲರದ್ದೂ ಒಂದೊಂದೇ ತಿನ್ನತ್ತಾ?"

ಅಷ್ಟರಲ್ಲಿ ವೀರೇಶನ ಜೇಬಲ್ಲಿ ಮಿಸ್ಡ್ ಕಾಲ್ ಗುಂಯ್ ಅಂತು.

ಅಪ್ಪ-ಅಮ್ಮಂದಿರು ಗೋಡೆಗೆ ಒರಗಿ ನಿಂತ್ರು. ಪುರುಷೋತ್ತಮ ಅವರು ಮುಂದಿನ ಕುರ್ಚಿಲಿ ಕೂತ್ರು, ಪಕ್ಕದಲ್ಲಿ ಅಲಮೇಲು ಮೇಡಂ. ಪ್ರೆಸಿಡೆಂಟ್ ಶರ್ಟಿನ ಜೇಬಲ್ಲಿ ಒಂದು ಉದ್ದನೆ ಕವರ್ ಇಣುಕ್ತಿತ್ತು. ಒಳಗಿರೋದು ಇರು ಅನ್ನೋ ಲೆಟರ್ರೋ ಹೋಗು ಅನ್ನೋ ಲೆಟರ್ರೋ ಅಂತ ವೀರೇಶನ ಕಣ್ಣೆಲ್ಲ ಅಲ್ಲೇ.

ಗಗನಾ ಲೋಟ ಹಿಡ್ಕೊಂಡು ಮುಂದೆ ಬಂದು, ಬಾಯಿಪಾಠ ಮಾಡಿದ್ದನ್ನ ಶುರು ಮಾಡಿದ್ಲು.

"ಎಲ್ರೂ ಲೋಟಕ್ಕೆ ದಿನಾ ನೀರು ಹಾಕಿದ್ರು. ನೀನೊಬ್ಬಳು ಹಾಕ್ಬೇಡ, ಯಾರಿಗೂ ಹಾಕೋಕೆ ಬಿಡಬೇಡ ಅಂತ ಸಾರ್ ಸೋಮವಾರ ನಂಗೆ ಹೇಳಿದ್ರು. ನೀರಿಲ್ದಿದ್ರೆ ಏನಾಗತ್ತೆ ಅಂತ ಈಗ ಎಲ್ರೂ ನೋಡಿ."

ವೀರೇಶನಿಗೆ ಆಗ ನೆನಪಾಯ್ತು. ಹೇಳಿದ್ದ. ಬಕೆಟ್ ಬೀಳೋಕೆ ಅರ್ಧ ನಿಮಿಷ ಮುಂಚೆ ಹೇಳಿದ್ದ.

ಪುಟ್ಟಿ ಒಂದ್ನಿಮಿಷ ಅಂತ ಕೈ ಚಾಚಿದ. ಕರ್ಚೀಫ್ ಅಷ್ಟರಲ್ಲಿ ಹಾರಿತ್ತು.

ಲೋಟದಲ್ಲಿ ಕಾಡು. ಅಂಚಿಂದ ನೀರು ತುಳುಕಿ ತೊಟತೊಟ ಅಂತ ಪ್ರೆಸಿಡೆಂಟ್ ಚಪ್ಪಲಿ ಮೇಲೆ ಬಿತ್ತು. ಗಗನಾ ಲೋಟ ನೋಡಿದ್ಲು, ತಾತನ್ನ ನೋಡಿದ್ಲು, ಆಮೇಲೆ ಸಾರ್‌ನ ನೋಡಿದ್ಲು. ಸುಘೋಷ್ ಯಾರೂ ಕರೀದೆ ಎದ್ದು ಬಂದು ಬೆರಳಿಟ್ಟು ಎಣಿಸಿದ. ಮೂರು ಸಲ.

"ಮೂವತ್ತೊಂದು," ಅಂದ. ಕ್ಲಾಸ್ ಕಡೆ ತಿರುಗಿದ. "ಗಗನಾನ ಬಿಟ್ರೆ ನಾವೂ ಮೂವತ್ತೊಂದೇ ಜನ, ಸಾರ್."

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಗಂಗಲಕ್ಷ್ಮಮ್ಮ, "ಅಳಿಲು ಸಿಕ್ತು ಬಿಡಿ," ಅಂದ್ರು.

ಎಲ್ಲರೂ ಬಿದ್ದು ಬಿದ್ದು ನಕ್ಕರು, ಪುರುಷೋತ್ತಮ ಅವರೊಬ್ಬರು ಬಿಟ್ಟು. ಅವರು ಕವರ್ ಹೊರಗೆ ತೆಗೆದ್ರು.

"ಐದು ದಿನದಿಂದ ಮನೇಲಿ ಇವಳದ್ದು ಇದೇ ಮಾತು. ಖಾಲಿ ಲೋಟ ಕಾಯ್ಕೊಂಡು ಇಷ್ಟು ಖುಷಿಯಾಗಿರೋಕೆ ಮಗುವಿಗೆ ಕಲಿಸಿದ ಮೇಷ್ಟ್ರನ್ನ ಬಿಡಬಾರದು ಅಂತ ನಿನ್ನೆನೇ ಇದಕ್ಕೆ ಸೈನ್ ಹಾಕಿದ್ದೆ, ವೀರೇಶ್."

ಕವರನ್ನ ಎರಡು ಮಡಿಕೆ ಮಡಚಿ, ವಾಪಸ್ ಜೇಬಿಗೆ ಹಾಕ್ಕೊಂಡ್ರು. ಇನ್ನೊಂದು ವರ್ಷ ಟೆಂಪರರಿನೇ ಇರಲಿ, ಸೋಮವಾರದಿಂದ ಇನ್ನೊಂದ್ಸಲ ಎಲ್ಲ ಮಾಡಿಸಿ, ಈ ಸಲ ನೀರಿಲ್ಲದ ಲೋಟ ನಮ್ಮನೆ ಬೀರುಲಿ ಇರತ್ತೆ, ಕೀ ನನ್ನ ಹತ್ರ ಅಂದ್ರು. ಅಲಮೇಲು ಮೇಡಂ ನಗ್‌ನಗ್ತಾ ತಲೆ ಆಡಿಸಿದ್ರು.

ಜನ ಹೊರಟ ಮೇಲೆ ಮೂವತ್ತೊಂದು ಮಕ್ಕಳು ಲೋಟ ಹಿಡ್ಕೊಂಡು ಮೇಷ್ಟ್ರ ಟೇಬಲ್ ಮುಂದೆ ಸಾಲಾಗಿ ನಿಂತ್ವು. ವೀರೇಶ ಒಬ್ಬೊಬ್ಬರಿಗೂ ಒಂದೊಂದು ಗಿಡ ಲೆಕ್ಕ ಮಾಡಿ ವಾಪಸ್ ಕೊಟ್ಟ. ಸಾಲು ಮುಗೀತು ಅಂತ ಬೆವರು ಒರೆಸ್ಕೊಂಡ. ಕೊನೇಲಿ ಗಗನಾ ನಿಂತಿದ್ಲು, ಒದ್ದೆ ಲೋಟ ಮುಂದೆ ಚಾಚಿ.

"ಸಾರ್, ನನ್ನ ಸೊನ್ನೆ?"