ದುಬೈಯಿಂದ ಬರುವಾಗ ಏರು

ನನ್ನ ಸೋದರಮಾವನ ಪ್ರಕಾರ ಮಂಗಳೂರಿನಿಂದ ದುಬೈ ಹತ್ತಿರ. ದುಬೈಯಿಂದ ಮಂಗಳೂರು ದೂರ! ನಗಬೇಡಿ. ಅವರ ಜೊತೆ ವಾದಕ್ಕೆ ಕೂತವರು ಯಾರೂ ಗೆದ್ದು ಎದ್ದದ್ದಿಲ್ಲ.

ಎಲ್ಲಕ್ಕೂ ನನ್ನ ಟಿಕೆಟೇ ಸಾಕ್ಷಿ. ದುಬೈಗೆ ಕೆಲಸಕ್ಕೆ ಹೊರಟಾಗ ಬೆಳಿಗ್ಗೆ ಎಂಟಕ್ಕೆ ಹತ್ತಿ ಹತ್ತಕ್ಕೆ ಇಳಿದೆ. ರಜೆಗೆ ಬರುವಾಗ ಎಂಟಕ್ಕೆ ಹತ್ತಿದವನು ಇಳಿದದ್ದು ಮಧ್ಯಾಹ್ನ ಒಂದಕ್ಕೆ.

"ಹೋಗಲಿಕ್ಕೆ ಎರಡು ಗಂಟೆ, ಬರಲಿಕ್ಕೆ ಐದು. ಏರು ಉಂಟು ಮಾರಾಯ!" ಎಂದರು ಮಾವ.

"ಎರಡೂ ಕಡೆಗೆ ಮೂರೂವರೆ ಗಂಟೆಯೇ ಮಾವ. ದೂರ ಒಂದೇ. ಅಲ್ಲಿಯ ಗಡಿಯಾರ ಒಂದೂವರೆ ಗಂಟೆ ಹಿಂದೆ."

"ಚಾರ್ಮಾಡಿ ಘಾಟಿಯೂ ಹತ್ತುವಾಗ ಇಳಿಯುವಾಗ ಒಂದೇ ದೂರ. ಸಮಯ ಒಂದೇ ಆಗ್ತದಾ? ನೇತ್ರಾವತಿ ಎಲ್ಲಿಗೆ ಹರಿಯುವುದು? ಪಶ್ಚಿಮಕ್ಕೆ. ದುಬೈ ಎಲ್ಲಿ ಉಂಟು? ಪಶ್ಚಿಮಕ್ಕೆ. ಮತ್ತೆ ಇಳಿಜಾರಲ್ಲದೆ ಎಂತ?"

ಬೆಳ್ತಂಗಡಿಯಿಂದ ಆ ಘಾಟಿಗೆ ಆಯುಷ್ಯವಿಡೀ ಲಾರಿ ಓಡಿಸಿದವರಿಗೆ ಏನೆಂದು ಹೇಳಲಿ? ಎಳನೀರಿನ ಬೊಂಡವೊಂದನ್ನು ಭೂಮಿ ಮಾಡಿ, ಟಾರ್ಚನ್ನು ಸೂರ್ಯ ಮಾಡಿ ತಿರುಗಿಸಿ ತೋರಿಸಿದೆ. ಅದು ಕೆತ್ತಿಟ್ಟಿದ್ದ ಬೊಂಡ. ಅರಬ್ಬಿ ಸಮುದ್ರ ಪೂರಾ ಮಾವನ ಹೆಂಡತಿಯ ಸೀರೆಯ ಮೇಲೆ!

"ಭೂಮಿ ತಿರುಗಿಸುವುದಾದರೆ ಇಬ್ಬರೂ ಅಂಗಳಕ್ಕೆ ನಡೆಯಿರಿ!" ಎಂದರು ಮಾಮಿ. ಅಷ್ಟರಲ್ಲಿ ಗಡಿಯಾರ ಹಿಂದೋ ಮುಂದೋ ಎಂದು ನನಗೇ ಗೊಂದಲವಾಗಿತ್ತು.

ಗಲ್ಫಿನಿಂದ ಬರುವವರಿಗೆ ನೆಂಟರು ಏನು ಹೇಳುತ್ತಾರೆ? ಅದು ತಾ, ಇದು ತಾ. ನನ್ನ ಮಾವ ಮಾತ್ರ ಫೋನಿನಲ್ಲಿ, "ಸಾಮಾನು ಕಡಿಮೆ ತಾ. ಏರಿನಲ್ಲಿ ಇಂಜಿನ್ ಬಿಸಿ ಆಗ್ತದೆ" ಎನ್ನುತ್ತಿದ್ದರು. ಮೂಡುಬಿದಿರೆಯಲ್ಲಿ ಒಂದು ನಿಶ್ಚಿತಾರ್ಥ. ವರನಿಗೆ ದುಬೈಯಲ್ಲಿ ಕೆಲಸವೆಂದು ತಿಳಿದದ್ದೇ ತಡ, ಮಾವ ಪುರೋಹಿತರ ಕಿವಿಯಲ್ಲಿ ಹೇಳಿದರಂತೆ: "ಮುಹೂರ್ತ ಸ್ವಲ್ಪ ಮಧ್ಯಾಹ್ನದ ಕಡೆಗೆ ಇಡಿ ಭಟ್ರೆ, ಅವನಿಗೆ ಏರು ಹತ್ತಲಿಕ್ಕೆ ಉಂಟು!"

ಹೋದ ತಿಂಗಳು ಫೋನು ಬಂತು. ಮಾವ ತೀರಿಕೊಂಡಿದ್ದರು. ನಮ್ಮ ಮನೆತನದಲ್ಲಿ ಮಾವನ ಚಿತೆಗೆ ಸೋದರಳಿಯನೇ ಬೆಂಕಿ ಇಡಬೇಕು. ಸಿಕ್ಕಿದ ವಿಮಾನ ಹತ್ತಿದೆ. ಅದೇ ಮೂರೂವರೆ ಗಂಟೆ, ಮುಗಿಯಲೇ ಇಲ್ಲ. ಹೊರಗೆ ಬಂದಾಗ ಬಾಡಿಗೆ ಕಾರಿನವರು, "ಬಂಟ್ವಾಳದ ಮೇಲೆ ಹೋಗುವುದಾ, ಮೂಡುಬಿದಿರೆ ಮೇಲೆಯಾ?" ಎಂದು ಕೇಳಿದರು. ಹುಟ್ಟಿದ ಊರಿನ ದಾರಿ ನನಗೆ ತೋಚಲಿಲ್ಲ. "ಯಾವುದು ಬೇಗವೋ ಅದು" ಎಂದೆ. ಕೈಗಡಿಯಾರದಲ್ಲಿ ಇನ್ನೂ ದುಬೈಯ ಸಮಯವೇ ಇತ್ತು. ಅದನ್ನು ನಂಬಿದರೆ ಹೊತ್ತು ಬೇಕಾದಷ್ಟಿತ್ತು. ಹೊರಗೆ ನೋಡಿದರೆ ಬಿಸಿಲು ಇಳಿಯುತ್ತಿತ್ತು.

ಅಂಗಳಕ್ಕೆ ಕಾಲಿಟ್ಟಾಗ ಹಿರಿಯರೊಬ್ಬರು ಅಸಹನೆಯಿಂದ ಹೇಳುತ್ತಿದ್ದರು: "ಮೂರೂವರೆ ಗಂಟೆಯ ದಾರಿ ಅಂತೆ, ಇನ್ನೂ ಬರಲಿಲ್ಲ. ಕತ್ತಲಾಗುವ ಮೊದಲು ಎತ್ತುವ."

ಮಾವನ ತಲೆಯ ಬಳಿ ಕೂತಿದ್ದ ಮಾಮಿ ಅಲುಗಲಿಲ್ಲ. "ಬರುವಾಗ ಏರು ಅಂತ ಇವರು ಎಷ್ಟು ಸಲ ಹೇಳಿದ್ದಾರೆ. ಕಾಯುವ."

ಯಾರೂ ತಿದ್ದಲಿಲ್ಲ.

ನಾನು ಹೋಗಿ ಮಾವನ ಕಿವಿಯ ಹತ್ತಿರ ಬಗ್ಗಿದೆ.

"ಸಾಮಾನು ಏನೂ ಇರಲಿಲ್ಲ ಮಾವ," ಎಂದೆ. "ಆದರೂ ಏರು."